ಇಪ್ಪತ್ತೆರಡು ಎಲಾಸ್ಟಿಕ್ ಪಟ್ಟಿ, ಒಂದು ಹಗ್ಗ

ಶಿವಾಜಿನಗರ

ನಾನು ಚೀಲ ರಿಪೇರಿ ಮಾಡುವವಳು. ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಒಣಮೀನಿನ ಅಂಗಡಿಗೂ ಕೊಡೆ ಅಂಗಡಿಗೂ ನಡುವೆ ನನ್ನ ಅಂಗಡಿ. ಎರಡು ಹೊಲಿಗೆ ಯಂತ್ರ ಇಟ್ಟರೆ ನಾನು ಅಡ್ಡಡ್ಡ ನಡೆಯಬೇಕು, ಅಷ್ಟೇ ಜಾಗ. ಮೊದಲೆಲ್ಲ ಶಾಲೆ ಮಕ್ಕಳ ಬ್ಯಾಗು, ಗಲ್ಫಿಗೆ ಹೋಗುವವರ ಸೂಟ್‌ಕೇಸು ಬರುತ್ತಿದ್ದವು. ಕೆಲವು ವರ್ಷಗಳಿಂದ ಮಾರತ್ತಹಳ್ಳಿ, ಇಂದಿರಾನಗರದ ಕಡೆಯಿಂದ ಬೆಟ್ಟ ಹತ್ತುವ ಮಂದಿ ಬರತೊಡಗಿದರು.

ಅವರ ಗೋಳು ಒಂದೇ. ಚೀಲದೊಳಗೆ ಹಿಡಿಸದ ಸುತ್ತಿದ ಚಾಪೆ, ಒದ್ದೆ ಜರ್ಕಿನ್, ಊರುಗೋಲು, ಇವನ್ನೆಲ್ಲ ಹೊರಗೆ ಕಟ್ಟಿಕೊಳ್ಳುವುದು ಹೇಗೆ? ಹಗ್ಗವಾದರೆ ಚಳಿಗೆ ಮರಗಟ್ಟಿದ ಬೆರಳಲ್ಲಿ ಗಂಟು ಬಿಚ್ಚಲಾಗುವುದಿಲ್ಲ. ಪ್ಲಾಸ್ಟಿಕ್ ಟ್ಯಾಗಾದರೆ ಒಂದು ಸಲ ಕತ್ತರಿಸಿದ ಮೇಲೆ ಕಸ. ನಾನು ದಪ್ಪ ಎಲಾಸ್ಟಿಕ್ಕನ್ನು ಮೊಳದುದ್ದ ಕತ್ತರಿಸಿ, ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿಗೆ ಕೊಕ್ಕೆ ಹೊಲಿದುಕೊಟ್ಟೆ. ಎಳೆದು ಸುತ್ತಿ ಸಿಕ್ಕಿಸಿದರೆ ಆಯಿತು. ಸಾಕಾದಾಗ ಬಿಚ್ಚಿ ಮತ್ತೆ ಬಳಸಬಹುದು. ಗಿರಾಕಿಗಳು ಅದಕ್ಕೆ ‘ವನಜಾ ಪಟ್ಟಿ’ ಎಂದು ಹೆಸರಿಟ್ಟರು. ಅಲ್ಲಿಂದ ನನ್ನ ತಲೆ ಸ್ವಲ್ಪ ತಿರುಗಿತು. ಮನೆಯಲ್ಲಿ ಗ್ಯಾಸ್ ಪೈಪಿನಿಂದ ಹಿಡಿದು ನೆರೆಮನೆಯ ಗೇಟಿನವರೆಗೆ ಎಲ್ಲದಕ್ಕೂ ಪಟ್ಟಿ ಸುತ್ತಿದೆ. ಹಗ್ಗ ಕಂಡರೆ ಮರುಕ ಪಡತೊಡಗಿದೆ.

ಪುಲಿಕೇಶಿನಗರದ ಫಿಲೋಮಿನಾ ಮಿಸ್ ನನ್ನ ಹಳೆಯ ಗಿರಾಕಿ. ಶಾಲೆಯಲ್ಲಿ ಆಟದ ಟೀಚರಾಗಿದ್ದು ನಿವೃತ್ತರಾದವರು. ಅರವತ್ತಾರು ವಯಸ್ಸು, ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಆದರೂ ವರ್ಷಕ್ಕೊಂದು ಬೆಟ್ಟ ಹತ್ತದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಈ ಸಲ ಅವರ ತಂಡ ಕಿರ್ಗಿಸ್ತಾನಕ್ಕೆ ಹೊರಟಿತ್ತು. ಆರು ಜನರಲ್ಲಿ ಒಬ್ಬರು ಕಾಲು ಉಳುಕಿಸಿಕೊಂಡು ಹಿಂದೆ ಸರಿದರು.

“ವನಜಾ, ನೀನು ಬಂದ್ಬಿಡು,” ಎಂದರು ಮಿಸ್. “ನಿನ್ನ ಪಟ್ಟಿ ಎಲ್ಲಾ ದೇಶ ನೋಡ್ಕೊಂಡು ಬಂದಿದೆ. ನೀನು ಮಾತ್ರ ಹಲಸೂರು ಕೆರೆ ದಾಟಿಲ್ಲ.”

“ನನಗೆ ಬೆಟ್ಟ ಹತ್ತೋಕೆ ಬರಲ್ಲ ಮಿಸ್.”

“ಯಾರು ಹತ್ತು ಅಂದ್ರು? ಕುದುರೆ ಇದೆ, ವ್ಯಾನ್ ಇದೆ. ನೀನು ಸಾಮಾನು ಕಟ್ಟು, ಸಾಕು.”

ಸಾಮಾನು ಕಟ್ಟುವ ಜವಾಬ್ದಾರಿ! ನಾನು ಅದನ್ನು ಸರ್ಕಾರಿ ನೇಮಕಾತಿಯಂತೆ ಸ್ವೀಕರಿಸಿ, ಕೂತ ಹಾಗೆಯೇ ಹೊಸದಾಗಿ ನಲವತ್ತು ಪಟ್ಟಿ ಹೊಲಿದೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವು ಕೈಚೀಲದಿಂದ ಒಂದಕ್ಕೊಂದು ಸಿಕ್ಕಿಕೊಂಡು ಹಾವಾಡಿಗನ ಬುಟ್ಟಿಯಂತೆ ಹೊರಬಂದವು. ಅಧಿಕಾರಿಣಿ ಹಿಂದಿಯಲ್ಲಿ ಇದೇನು ಎಂದು ಕೇಳಿದಳು. ಹೇಳುವುದಕ್ಕಿಂತ ತೋರಿಸುವುದು ಲೇಸೆಂದು ನಾನು ಒಂದನ್ನು ನನ್ನ ಕೊಡೆಗೆ ಸುತ್ತಿ ಎಳೆದೆ. ಕೊಕ್ಕೆ ಜಾರಿ ಅವಳ ಮುಂದಿದ್ದ ಟ್ರೇಗೆ ಟಪ್ಪೆಂದು ಬಡಿಯಿತು. ಹಿಂದೆ ನಿಂತಿದ್ದ ಸಾಲು ಎರಡು ಹೆಜ್ಜೆ ಹಿಂದಕ್ಕೆ ಹೋಯಿತು. ಕೈಚೀಲದಲ್ಲಿ ಬೇಡ, ದೊಡ್ಡ ಚೀಲಕ್ಕೆ ಹಾಕಿಕೊಂಡು ಬಾ ಎಂದು ನನ್ನನ್ನು ವಾಪಸ್ ಕಳಿಸಿದರು. ತಂಡದ ಮುಂದಾಳು ಕಿರಣ್, ಮಾರತ್ತಹಳ್ಳಿಯ ಆಫೀಸಿನವನು, ವಾಚ್ ನೋಡಿಕೊಳ್ಳುತ್ತ ನಿಂತಿದ್ದ. “ಪರ್ವಾಗಿಲ್ಲ ಆಂಟಿ, ಇನ್ನೂ ಟೈಮಿದೆ,” ಎಂದ, ಟೈಮಿಲ್ಲದ ಮುಖದಲ್ಲಿ.

ಬಿಷ್ಕೆಕ್

ಕಿರ್ಗಿಸ್ತಾನದ ಈ ರಾಜಧಾನಿಯಲ್ಲಿ ನನ್ನನ್ನು ಹೆದರಿಸಿದ್ದು ಸಭ್ಯತೆ. ರಸ್ತೆ ದಾಟಲೆಂದು ಬಿಳಿ ಪಟ್ಟೆಯ ಅಂಚಿಗೆ ಬಂದೆ, ಕಾರುಗಳು ನಿಂತವು. ನಾನೂ ನಿಂತೆ. ಶಿವಾಜಿನಗರದಲ್ಲಿ ಗಾಡಿ ನಿಂತಿತೆಂದರೆ ಒಂದೋ ಕೆಟ್ಟಿದೆ, ಇಲ್ಲವೇ ಡ್ರೈವರಿಗೆ ಬೈಯುವುದಿದೆ. ಮುಂದಿನ ಕಾರಿನಲ್ಲಿದ್ದ ಮುದುಕ ಹೋಗು ಎಂದು ಕೈ ಬೀಸಿದ. ನೀವೇ ಹೋಗಿ ಎಂದು ನಾನು ಕೈ ಬೀಸಿದೆ. ಹೀಗೆ ಎರಡು ದೇಶಗಳ ನಡುವೆ ಮರ್ಯಾದೆ ವಿನಿಮಯವಾಗುತ್ತಿರುವಾಗ ಹಿಂದೆ ಹತ್ತು ಕಾರು ಸಾಲುಗಟ್ಟಿದವು. ಮಿಸ್ ನನ್ನ ರಟ್ಟೆ ಹಿಡಿದು, ಮಗುವನ್ನು ಎಳೆದೊಯ್ಯುವಂತೆ ದಾಟಿಸಿದರು.

ರಸ್ತೆಯ ಪಕ್ಕದಲ್ಲಿ ಮರಗಳ ಬುಡಕ್ಕೆ ಸಣ್ಣ ಕಾಲುವೆಗಳು ಹರಿಯುತ್ತವೆ. ಹಿಮ ಕರಗಿ ಬರುವ ನೀರಂತೆ, ಬೂದುಬಣ್ಣದ್ದು, ತಣ್ಣಗಿನದು. ನಮ್ಮ ರಾಜಕಾಲುವೆಗಳನ್ನು ನೆನೆದು ಮೂಗು ಮುಚ್ಚಿಕೊಂಡೇ ಹತ್ತಿರ ಹೋದೆ. ಏನೂ ವಾಸನೆಯಿಲ್ಲ. ಸ್ವಲ್ಪ ನಿರಾಶೆಯೇ ಆಯಿತು. ಊರಿಗೆ ಹೋಗಿ ಏನನ್ನಾದರೂ ದೂರಬೇಕಲ್ಲ.

ಕೊಚ್ಕೋರ್

ಮರುದಿನ ಅಜಮತ್ ಎಂಬಾತನ ವ್ಯಾನಿನಲ್ಲಿ ಕೊಚ್ಕೋರ್ ಎಂಬ ಸಣ್ಣ ಊರಿಗೆ ಬಂದೆವು. ಅಜಮತ್ ನಲವತ್ತರ ಆಸುಪಾಸಿನವನು, ಅಗಲ ಭುಜ, ಮೆದು ದನಿ. ನನ್ನನ್ನು ‘ಎಜೆ’ ಎನ್ನುತ್ತಿದ್ದ. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ‘ಆಂಟಿ’ಗಿಂತ ಎಷ್ಟೋ ವಾಸಿ. ಇಂಗ್ಲಿಷ್ ಅವನಿಗೂ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ. ಅವನು ತನ್ನ ಫೋನಿಗೆ ರಷ್ಯನ್ನಿನಲ್ಲಿ ಹೇಳುವುದು, ಅದು ನೆಟ್‌ವರ್ಕ್ ಇಲ್ಲದೆಯೂ ಕನ್ನಡದಲ್ಲಿ ಬರೆದು ತೋರಿಸುವುದು. ಆ ಫೋನಿನ ಕನ್ನಡ ನಮ್ಮ ತಾಲೂಕು ಕಚೇರಿಯ ನೋಟೀಸಿನಂತಿತ್ತು.

ಅಲ್ಲಿ ನಾವು ತಂಗಿದ ಮನೆಯಲ್ಲಿ ಬೆಳಗಿನ ತಿಂಡಿಗೆ ತಟ್ಟೆಯಗಲದ ದುಂಡು ರೊಟ್ಟಿ. ನಾನು ತುಂಡು ಮುರಿದು ಉಳಿದದ್ದನ್ನು ಕವುಚಿಟ್ಟೆ. ಮನೆಯೊಡತಿ ಮಾತನಾಡುತ್ತಲೇ ಅದನ್ನು ಮಗುಚಿ ಸರಿಯಾಗಿಟ್ಟಳು. ನಾನು ಮತ್ತೆ ಮುರಿದು ಮತ್ತೆ ಕವುಚಿಟ್ಟೆ. ಅವಳು ಮತ್ತೆ ಮಗುಚಿದಳು. ಮೂರನೆಯ ಸಲ ಅಜಮತ್ ಫೋನ್ ಚಾಚಿದ: “ಬ್ರೆಡ್ಡನ್ನು ತಲೆಕೆಳಗಾಗಿ ಇರಿಸುವುದು ಅಗೌರವವಾಗಿರುತ್ತದೆ.” ಅನ್ನದ ಅಗುಳು ತುಳಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಿಂದ ಬಂದವಳು ನಾನು. ನಾಚಿಕೆಯಾಗಿ ರೊಟ್ಟಿಯನ್ನೇ ಕಣ್ಣಿಗೊತ್ತಿಕೊಂಡೆ. ಮನೆಯೊಡತಿಗೆ ಬಹಳ ಸಂತೋಷವಾಗಿ ಇನ್ನೊಂದು ರೊಟ್ಟಿ ತಂದಿಟ್ಟಳು.

ಇನ್ನು ಮುಂದಿನದನ್ನು ಬರೆಯಲು ನನಗೆ ಅಷ್ಟು ಉತ್ಸಾಹವಿಲ್ಲ. ಆದರೂ ಬರೆಯಬೇಕು.

ಅಂದು ನಾವು ಎತ್ತರದ ಘಟ್ಟ ದಾಟಿ ಸೋಂಗ್ ಕುಲ್ ಎಂಬ ಸರೋವರಕ್ಕೆ ಹೋಗಬೇಕಿತ್ತು. ಕಿರಣ್ ಮತ್ತು ಉಳಿದವರು ನೀರು, ಹಣ್ಣು ತರಲು ಅಂಗಡಿಗೆ ಹೋಗಿದ್ದರು. ಮಿಸ್ ಒಳಗಿದ್ದರು. ಅಜಮತ್ ವ್ಯಾನಿನ ನೆತ್ತಿಯ ಮೇಲೆ ಆರು ಚೀಲ ಜೋಡಿಸಿ, ಹಳೆಯ ದಪ್ಪ ಹಗ್ಗದಿಂದ ಬಿಗಿದು ಕಟ್ಟಿದ್ದ. ನಾನು ಹೊರಬಂದು ನೋಡಿದೆ. ಹಗ್ಗ! ಅದೂ ಗ್ರೀಸ್ ಅಂಟಿದ್ದು!

“ನೋ, ನೋ,” ಎಂದೆ. ವ್ಯಾನಿನ ಏಣಿ ಹತ್ತಿದೆ. ನನ್ನ ನಲವತ್ತೆಂಟು ವರ್ಷದ ಮಂಡಿಗಳು ಬೇಡ ಎಂದರೂ ಹತ್ತಿದೆ. ಅವನ ಕೈಯಲ್ಲೇ ಹಗ್ಗ ಬಿಚ್ಚಿಸಿದೆ. ಪಟ್ಟಿಗೆ ಪಟ್ಟಿ ಸಿಕ್ಕಿಸಿ, ಉದ್ದ ಮಾಡಿ, ಅಡ್ಡಡ್ಡ ಉದ್ದುದ್ದ ಎಳೆದು, ಇಪ್ಪತ್ತೆರಡು ಪಟ್ಟಿಗಳಲ್ಲಿ ಇಡೀ ಹೊರೆಯನ್ನು ಬಿಗಿದೆ. ಮೇಲೆ ಟಾರ್ಪಾಲು. ಬೀದಿಯ ನಾಲ್ಕು ಜನ ನೋಡಲು ನಿಂತರು. ನಾನು ಒಂದು ಪಟ್ಟಿಯನ್ನು ಎಳೆದು ಬಿಟ್ಟು ಟಣ್ ಅನ್ನಿಸಿ ತೋರಿಸಿದೆ.

ಅಜಮತ್ ಫೋನಿಗೆ ಏನೋ ಹೇಳಿ ತೋರಿಸಿದ: “ಗೌರವಾನ್ವಿತ ಅಕ್ಕ, ರಸ್ತೆಯು ಕೆಟ್ಟದಾಗಿದೆ. ಹಗ್ಗವು ಉತ್ತಮ.”

“ಟೆನ್ಷನ್ ಬೇಡ,” ಎಂದೆ ಕನ್ನಡದಲ್ಲಿ, ಅವನ ಬೆನ್ನು ತಟ್ಟಿ. ಅವನು ಹಗ್ಗ ಸುತ್ತಿ ಸೀಟಿನ ಕೆಳಗಿಟ್ಟ.

ನನ್ನ ಬುದ್ಧಿವಂತಿಕೆ ಅಲ್ಲಿಗೂ ನಿಲ್ಲಲಿಲ್ಲ. ಮಿಸ್ ತಮ್ಮ ಇನ್ಸುಲಿನ್ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಂದರು. “ಮಿಸ್, ವ್ಯಾನೊಳಗೆ ಹೀಟರ್ ಹಾಕ್ತಾರೆ. ಔಷಧಿ ಬಿಸಿಯಾಗತ್ತೆ. ಮೇಲೆ ನಿಮ್ಮ ಬ್ಯಾಗಲ್ಲೇ ಇಡಿ, ತಣ್ಣಗಿರತ್ತೆ,” ಎಂದೆ. ಅವರು ನನ್ನನ್ನು ನಂಬಿದರು. ಅವತ್ತಿಗಷ್ಟೇ ಸಾಲುವಷ್ಟು ಉಳಿದಿದ್ದ ಹಳೆಯ ಸೀಸೆಯನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು, ಉಳಿದದ್ದನ್ನು ನನ್ನ ಕೈಗೆ ಕೊಟ್ಟರು. ನಾನು ಮತ್ತೆ ಏಣಿ ಹತ್ತಿ ಅದನ್ನು ಅವರ ಚೀಲದೊಳಗೆ ಸೇರಿಸಿದೆ.

ಘಟ್ಟದ ದಾರಿ

ರಸ್ತೆ ಎಂದರೆ ಕೆ.ಆರ್. ಪುರದ ಸೇತುವೆ ಕೆಳಗಿನ ಗುಂಡಿಗಳನ್ನೆಲ್ಲ ಒಟ್ಟುಗೂಡಿಸಿ ಬೆಟ್ಟಕ್ಕೆ ಸುತ್ತಿದಂತೆ. ಒಂದು ಗುಂಡಿಗೆ ನನ್ನ ತಲೆ ಸೂರಿಗೆ, ಇನ್ನೊಂದಕ್ಕೆ ಕಿಟಕಿಗೆ. ಸುತ್ತಲೂ ಹಸಿರು ಇಳಿಜಾರು, ಅಲ್ಲಲ್ಲಿ ಉಳಿದ ಹಿಮ, ರಸ್ತೆ ತುಂಬ ಕುರಿ. ತಲೆ ತಾಗಿದಾಗಲೆಲ್ಲ ಮೇಲಿನ ಚೀಲಗಳು ನೆನಪಾಗಿ, ನನ್ನ ಪಟ್ಟಿಗಳು ಹೇಗೆ ಹಿಡಿದಿವೆಯೋ ಎಂದು ಹೆಮ್ಮೆಯಾಗುತ್ತಿತ್ತು.

ಘಟ್ಟದ ನೆತ್ತಿಯಲ್ಲಿ ಫೋಟೋಗೆಂದು ಇಳಿದೆವು. ಟಾರ್ಪಾಲಿನ ಒಂದು ತುದಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಕಿರಣ್ ಏಣಿ ಹತ್ತಿ ನೋಡಿದ.

“ಐದೇ ಇದೆ! ಮಿಸ್ ಬ್ಯಾಗ್ ಇಲ್ಲ!”

ಫಿಲೋಮಿನಾ ಮಿಸ್ ಕೈ ಸೊಂಟದ ಚೀಲಕ್ಕೆ ಹೋಯಿತು. “ಇವತ್ತಿಗೆ ಇದೆ,” ಎಂದರು. “ನಾಳೆ ಬೆಳಿಗ್ಗೆಗಿಲ್ಲ.”

ಕಿರಣ್ ಸೀಟಿನ ಕೆಳಗೆ ಬಗ್ಗಿ ಹಗ್ಗ ಎಳೆದ. “ನೋಡಿ, ಹಗ್ಗ ಇಲ್ಲೇ ಇದೆ! ಇಟ್ಕೊಂಡೂ ಕಟ್ಟಿಲ್ಲ ಅಂದ್ರೆ ಏನ್ ಹೇಳೋದು ಇವನಿಗೆ?” ಎಂದವನೇ ಅಜಮತ್‌ನ ಮುಂದೆ ಹಗ್ಗ ಹಿಡಿದು ಇಂಗ್ಲಿಷಿನಲ್ಲಿ ಕೂಗಾಡಿದ. ನಿನ್ನ ಕಂಪನಿಗೆ ಬರೀತೀನಿ, ಇನ್ನೊಂದು ಸಲ ನಿನಗೆ ಗಾಡಿ ಕೊಡದ ಹಾಗೆ ಮಾಡ್ತೀನಿ ಎಂದ. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಪಟ್ಟಿ ಇದ್ದಿದ್ದಕ್ಕೆ ಉಳಿದ ಬ್ಯಾಗಾದ್ರೂ ಉಳೀತು ಆಂಟಿ. ಥ್ಯಾಂಕ್ಸ್,” ಎಂದ.

ಅಜಮತ್ ಒಂದೇ ಒಂದು ಸಲ ನನ್ನತ್ತ ನೋಡಿದ. ನಾನು ಕುರಿಗಳತ್ತ ನೋಡಿದೆ.

ಬಾಯಿ ತೆರೆಯಬೇಕಾಗಿದ್ದ ಹೊತ್ತು ಅದೇ. ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಆ ‘ಥ್ಯಾಂಕ್ಸ್’ ಇನ್ನೂ ಕಿವಿಯಲ್ಲಿತ್ತು. ಅದನ್ನು ವಾಪಸು ಕೊಡಲು ಮನಸ್ಸಾಗಲಿಲ್ಲ. ಚೀಲ ಸಿಕ್ಕಿದ ಮೇಲೆ ನಗುತ್ತಾ ಹೇಳಿದರಾಯಿತು ಎಂದುಕೊಂಡೆ.

ಚೀಲ ಸಿಗಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿ, ತಿರುವು ತಿರುವಿಗೂ ಇಳಿದು ಹುಡುಕಿದೆವು. ಆಲಿಕಲ್ಲು ಮಳೆ ಶುರುವಾಯಿತು. ಎದುರು ಬಂದ ಕುದುರೆಯವರಿಗೆಲ್ಲ ಅಜಮತ್ ವಿಷಯ ಹೇಳಿದ. ಕೊನೆಗೆ ಮಿಸ್ಸೇ, “ಸಾಕು. ಎಲ್ರೂ ನೆನೀತಿದ್ದೀರ. ಲೇಕಿಗೆ ಹೋಗೋಣ. ನಾಳೆ ಏನಾದ್ರೂ ಮಾಡೋಣ,” ಎಂದರು. ಅವರ ದನಿ ನೆಟ್ಟಗಿತ್ತು, ತುಟಿ ಬಿಳಿಚಿತ್ತು.

ಸೋಂಗ್ ಕುಲ್

ಸರೋವರದ ದಂಡೆಯಲ್ಲಿ ಉಣ್ಣೆಯ ದುಂಡು ಗುಡಾರಗಳು. ಮಧ್ಯಾಹ್ನ ನಮ್ಮನ್ನು ಇಳಿಸಿ ಅಜಮತ್ ಮಿಸ್ ಹತ್ತಿರ ಬಂದ. ಅವರ ಸೊಂಟದ ಚೀಲದಲ್ಲಿದ್ದ ಔಷಧಿಯ ಫೋಟೋ ತೆಗೆದುಕೊಂಡ. ಊಟವನ್ನೂ ಮಾಡದೆ ವ್ಯಾನ್ ತಿರುಗಿಸಿಕೊಂಡು ಕೊಚ್ಕೋರಿನ ಔಷಧಿ ಅಂಗಡಿಗೆ ಹೊರಟುಹೋದ. ಅದೇ ಗುಂಡಿಗಳ ದಾರಿ, ಮತ್ತೆ ಅಷ್ಟೂ ಉದ್ದಕ್ಕೆ.

ಗುಡಾರದ ಒಡತಿ ಬುರುಲ್ ಎಂಬ ಹೆಂಗಸು ನಮಗೆ ಬೋಗುಣಿ ತುಂಬ ಬಿಳಿಯ ಪಾನೀಯ ಕೊಟ್ಟಳು. ಮಜ್ಜಿಗೆ ಎಂದು ಒಂದೇ ಗುಟುಕಿಗೆ ಅರ್ಧ ಎತ್ತಿದೆ. ಹುಳಿ ಬಂದ ಕುದುರೆ ಹಾಲಂತೆ, ಕುಮಿಸ್ ಅಂತೆ. ಸೋಡಾದಂತೆ ಮೂಗಿಗೆ ಏರಿತು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ನಾನು ಉಳಿದರ್ಧವನ್ನು ಶಿಕ್ಷೆಯೆಂಬಂತೆ ಕುಡಿದು ಮುಗಿಸಿದೆ.

ಹೊಲಿಯುವವಳ ಕಣ್ಣು ಸುಮ್ಮನಿರುತ್ತದೆಯೇ? ಗುಡಾರದೊಳಗೆ ಕಣ್ಣಾಡಿಸಿದೆ. ಮರದ ಜಾಲರಿ, ಅದರ ಮೇಲೆ ಉಣ್ಣೆಯ ಹೊದಿಕೆ, ಒಂದು ಮೊಳೆಯಿಲ್ಲ. ಎಲ್ಲವನ್ನೂ ಹಿಡಿದಿದ್ದುದು ಅಂಗೈ ಅಗಲದ, ಬಣ್ಣಬಣ್ಣದ ಉಣ್ಣೆಯ ನೇಯ್ದ ಪಟ್ಟಿಗಳು. ಬುರುಲ್ ನನ್ನ ಆಸೆ ಗುರುತಿಸಿ, ಎಳೆದು ನೋಡು ಎಂದು ಸನ್ನೆ ಮಾಡಿದಳು. ಎರಡೂ ಕೈಯಲ್ಲಿ ಜಗ್ಗಿದೆ. ಕೂದಲೆಳೆಯಷ್ಟೂ ಹಿಗ್ಗಲಿಲ್ಲ. ಹೊರಗೆ ಗಾಳಿ ಗುಡಾರವನ್ನು ಗುದ್ದುತ್ತಿತ್ತು. ಒಳಗೆ ಏನೂ ಅಲುಗಲಿಲ್ಲ. ಆಗ ನನಗೆ ವ್ಯಾನಿನ ನೆತ್ತಿ ಕಣ್ಣಿಗೆ ಕಟ್ಟಿತು. ಒಂದೊಂದು ಗುಂಡಿಗೂ ಚೀಲಗಳು ಮೇಲೆದ್ದಿವೆ, ನನ್ನ ಪಟ್ಟಿಗಳು ಅವಕ್ಕೆ ದಾರಿ ಬಿಟ್ಟು ಹಿಗ್ಗಿವೆ, ಒಂದೊಂದು ಸಲಕ್ಕೂ ಚೀಲ ಒಂದೊಂದಂಗುಲ ಜಾರಿದೆ. ನಾನು ಕೆಳಗೆ ಕೂತು ಹೆಮ್ಮೆಪಡುತ್ತಿದ್ದೆ.

ಅಲ್ಲಿ ಬೇಸಿಗೆಯಲ್ಲಿ ಸಂಜೆ ಎಂಟಾದರೂ ಬೆಳಕು. ಊಟಕ್ಕೆ ಕೂತಿದ್ದೆವು. ಕಿರಣ್ ಫೋನಿನಲ್ಲಿ ದೂರು ಬರೆಯುತ್ತಿದ್ದ. ನೆಟ್‌ವರ್ಕ್ ಸಿಕ್ಕ ಕೂಡಲೇ ಕಳಿಸಲು. “ಕೇರ್‌ಲೆಸ್ ಅಂತ ಹಾಕ್ಲಾ, ಇರ್ರೆಸ್ಪಾನ್ಸಿಬಲ್ ಅಂತ ಹಾಕ್ಲಾ ಆಂಟಿ?” ಎಂದು ನನ್ನನ್ನೇ ಕೇಳಿದ.

“ಅವನು ಕಟ್ಟಿದ್ದ,” ಎಂದೆ.

“ಏನು?”

“ಹಗ್ಗದಲ್ಲಿ ಗಟ್ಟಿಯಾಗಿ ಕಟ್ಟಿದ್ದ. ನಾನು ಬಿಚ್ಚಿಸ್ದೆ. ಬೇಡ ಅಂತ ಅವನು ಹೇಳಿದ್ದ, ಫೋನಲ್ಲಿ ಬರೆದು ತೋರಿಸಿದ್ದ. ನಾನೇ ಕೇಳ್ಲಿಲ್ಲ. ನನ್ನ ಪಟ್ಟಿಯಿಂದಲೇ ಬ್ಯಾಗ್ ಬಿದ್ದಿದ್ದು.”

ಕಿರಣ್ ಫೋನ್ ಕೆಳಗಿಟ್ಟ.

“ಮತ್ತೆ ಅಲ್ಲಿ ಯಾಕೆ ಸುಮ್ನಿದ್ರಿ? ನಾನು ಅವನಿಗೆ ಅಷ್ಟೊಂದು ಬೈದೆ,” ಎಂದ. ಅವನ ದನಿಯಲ್ಲಿ ಕೋಪಕ್ಕಿಂತ ಸಂಕಟವಿತ್ತು.

“ನಾಚಿಕೆ ಆಯ್ತು. ನೀವು ಥ್ಯಾಂಕ್ಸ್ ಬೇರೆ ಹೇಳ್ಬಿಟ್ರಿ.”

ನಾನು ಫಿಲೋಮಿನಾ ಮಿಸ್ ಮುಖ ನೋಡಿದೆ. “ಇನ್ಸುಲಿನ್ ಮೇಲಿಡಿ ಅಂದಿದ್ದೂ ನಾನೇ ಮಿಸ್. ತಪ್ಪಾಯ್ತು.”

ಅವರು ಚಮಚ ಪಕ್ಕಕ್ಕಿಟ್ಟರು. “ಬ್ಯಾಗ್ ಬಿತ್ತು, ಅದಕ್ಕೆ ನನಗೆ ಕೋಪ ಇಲ್ಲ ವನಜಾ. ನಾನೂ ನಿನ್ನ ಮಾತು ಕೇಳ್ಕೊಂಡು ಇಟ್ಟೆ. ನಲವತ್ತು ವರ್ಷ ಶುಗರ್ ನೋಡ್ಕೊಂಡವಳು ನಾನು, ನನಗೂ ಬುದ್ಧಿ ಬೇಕಿತ್ತು. ಆದ್ರೆ ಒಬ್ಬ ಬಡಪಾಯಿ ಬೈಸ್ಕೋತಾ ನಿಂತಿದ್ದಾಗ ನೀನು ಪಕ್ಕದಲ್ಲೇ ನಿಂತು ನೋಡ್ತಿದ್ದೆಯಲ್ಲ, ಅದು ನನಗೆ ಆಗ್ಲಿಲ್ಲ.”

ಅಷ್ಟೇ ಹೇಳಿದ್ದು. ಎದ್ದು ಹೋಗಿ ಕಂಬಳಿ ಹೊದ್ದು ಮಲಗಿದರು. ನನ್ನ ಜೀವಮಾನದಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಬೈಗುಳ ತಿಂದಿದ್ದಿಲ್ಲ.

ಮರುದಿನ ಬೆಳಿಗ್ಗೆ

ಮಿಸ್ ಎದ್ದು, ಬುರುಲ್ ಕೊಟ್ಟ ರೊಟ್ಟಿ ಮುಟ್ಟದೆ, ನೀರು ಮಾತ್ರ ಕುಡಿದು ಗುಡಾರದ ಬಾಗಿಲಲ್ಲಿ ಕೂತರು. ಇನ್ಸುಲಿನ್ ಇಲ್ಲದೆ ತಿನ್ನುವ ಹಾಗಿರಲಿಲ್ಲ. ಅವರ ಕಣ್ಣು ಸೋತಿತ್ತು. ನಾನು ಸ್ವಲ್ಪ ದೂರದಲ್ಲಿ ಕೂತು, ರಸ್ತೆ ಬೆಟ್ಟದಿಂದ ಇಳಿಯುವ ಜಾಗವನ್ನೇ ನೋಡುತ್ತಿದ್ದೆ. ಹರಕೆ ಹೊರಲು ದೇವರುಗಳನ್ನು ನೆನೆದೆ. ಹಲಸೂರಿನ ಸೋಮೇಶ್ವರನಿಂದ ಶಿವಾಜಿನಗರದ ಮೇರಿ ಮಾತೆಯವರೆಗೆ ಯಾರನ್ನೂ ಬಿಡಲಿಲ್ಲ.

ಒಂಬತ್ತರ ಹೊತ್ತಿಗೆ ವ್ಯಾನ್ ಕಂಡಿತು. ಅಜಮತ್ ಇಳಿದ. ಕಣ್ಣು ಕೆಂಪಾಗಿತ್ತು, ಬಟ್ಟೆಯೆಲ್ಲ ಧೂಳು. ತಣ್ಣಗಿನ ನೀರಿನ ಬಾಟಲಿಗಳ ನಡುವೆ ಜೋಪಾನವಾಗಿಟ್ಟ ಔಷಧಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಮಿಸ್‌ಗೆ ಕೊಟ್ಟ. ಅವರು ಹೆಸರು ಓದಿದರು, ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. “ಇದೇ,” ಎಂದರು. ಆ ಪದ ಮುಗಿಯುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಚೀಲ ಮಾತ್ರ ಸಿಕ್ಕಿರಲಿಲ್ಲ.

ಅವರು ಚುಚ್ಚಿಕೊಂಡು, ಎರಡು ತುತ್ತು ತಿಂದ ಮೇಲೆ ನಾನು ಅಜಮತ್ ಎದುರು ನಿಂತೆ. ಎಲ್ಲರೂ ಇದ್ದರು. ಫೋನಿಗೆ ಹೇಳಿದೆ: “ನಂದೇ ತಪ್ಪು. ನಿನ್ನೆ ಎಲ್ರ ಮುಂದೆ ನಿನ್ನನ್ನ ಬೈಸಿದೆ. ಕ್ಷಮಿಸಪ್ಪ.” ಫೋನ್ ಅದನ್ನು ಏನೆಂದು ಹೇಳಿತೋ ಕಾಣೆ. ಅಜಮತ್ ಬಹಳ ಹೊತ್ತು ಓದಿದ. ಆಮೇಲೆ ಅವನ ಉತ್ತರ ಮೂಡಿತು: “ನಾನು ಚಾಲಕ. ಹಗ್ಗವು ನನ್ನದು. ಅಕ್ಕನಿಗೆ ಇಲ್ಲ ಎನ್ನಲು ನನಗೆ ಸಂಕೋಚವಾಯಿತು. ಆದ್ದರಿಂದ ತಪ್ಪು ಎರಡು.”

ಕಿರಣ್ ಮುಂದೆ ಬಂದು ಅವನ ಕೈ ಹಿಡಿದ. “ಸಾರಿ ಬ್ರದರ್. ರಿಯಲಿ ಸಾರಿ,” ಎಂದು ಬಿಡದೆ ಕುಲುಕಿದ. ಅಜಮತ್ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಹೊಟ್ಟೆ ಮುಟ್ಟಿ ತೋರಿಸಿದ. ಹಿಂದಿನ ಮಧ್ಯಾಹ್ನದಿಂದ ಅವನು ಏನೂ ತಿಂದಿರಲಿಲ್ಲ.

ಇಳಿಯುವ ದಾರಿ

ಎರಡು ದಿನ ಕಳೆದು ಹೊರಟೆವು. ಮಿಸ್ ನನ್ನೊಡನೆ ಮಾತಾಡುತ್ತಿದ್ದರು, ಉಪ್ಪು ಕೊಡು, ಬಾಗಿಲು ಮುಚ್ಚು ಎನ್ನುವಷ್ಟು. ಸಾಮಾನು ಕಟ್ಟುವಾಗ ನಾನು ಹತ್ತಿರ ಸುಳಿಯಲಿಲ್ಲ. ಅಜಮತ್ತೇ ಕರೆದು ಹಗ್ಗದ ತುದಿ ನನ್ನ ಕೈಗೆ ಕೊಟ್ಟ. ಅವನು ಆ ಕಡೆಯಿಂದ ಎಳೆದ, ನಾನು ಈ ಕಡೆಯಿಂದ. ಕೈಗೆಲ್ಲ ಗ್ರೀಸ್ ಆಯಿತು.

ಘಟ್ಟ ಇಳಿಯುವಾಗ ನಾಲ್ಕನೆಯ ತಿರುವಿನಲ್ಲಿ ಒಬ್ಬ ಹೆಂಗಸು ರಸ್ತೆಗೆ ಬಂದು ಕೈ ಅಡ್ಡ ಹಿಡಿದಳು. ಅಜಮತ್ ಹೇಳಿಹೋಗಿದ್ದ ಸುದ್ದಿ ಅವಳಿಗೆ ತಲುಪಿತ್ತು. ಅವಳ ಗುಡಾರದೊಳಗೆ, ಬಾಗಿಲಿಗೆದುರು ಮಡಚಿಟ್ಟ ರಜಾಯಿಗಳ ಮೇಲೆ, ಮನೆಗೆ ಬಂದ ಹಿರಿಯರನ್ನು ಕೂರಿಸುವ ಜಾಗದಲ್ಲಿ, ಮಿಸ್ ಚೀಲ ಕೂತಿತ್ತು. ಅವಳ ನಾಯಿ ಅದನ್ನು ತೊರೆಯ ಪಕ್ಕ ಹುಡುಕಿತಂತೆ. ಒಂದು ಜಿಪ್ಪನ್ನೂ ಯಾರೂ ತೆರೆದಿರಲಿಲ್ಲ.

ಅದಕ್ಕೆ ಸುತ್ತಿಕೊಂಡು ಬಂದಿದ್ದ ನನ್ನ ಮೂರು ಪಟ್ಟಿಗಳು ಮಾತ್ರ ಅಲ್ಲಿರಲಿಲ್ಲ. ಒಂದು, ಕುಮಿಸ್ ಪೀಪಾಯಿಯ ಬಾಯಿಗೆ ನೊಣ ಬಾರದಂತೆ ಬಟ್ಟೆ ಬಿಗಿದಿತ್ತು. ಇನ್ನೊಂದು, ಉಣ್ಣೆ ಕತ್ತರಿಸುವ ಕತ್ತರಿಗಳನ್ನು ಕಟ್ಟಿ ಹಿಡಿದಿತ್ತು. ಮೂರನೆಯದು ಅವಳ ಜಡೆಯ ತುದಿಯಲ್ಲಿತ್ತು. ನಾನು ನೋಡಿದ್ದನ್ನು ನೋಡಿ ಅವಳು ಗಾಬರಿಯಿಂದ ಜಡೆಗೆ ಕೈ ಹಾಕಿದಳು.

“ಬೇಡ ಬೇಡ, ಇಟ್ಕೊಳ್ಳಿ,” ಎಂದೆ. ಅದು ಅವಳಿಗೆ ತರ್ಜುಮೆಯಿಲ್ಲದೆ ಅರ್ಥವಾಯಿತು. ಅವಳು ಪೀಪಾಯಿಯ ಪಟ್ಟಿಯನ್ನು ಎಳೆದು ಬಿಟ್ಟು ತೋರಿಸುತ್ತ ಅಜಮತ್‌ಗೆ ಏನೋ ಕೇಳಿದಳು. ಅಜಮತ್ ನಕ್ಕು ತಲೆ ತಗ್ಗಿಸಿದ, ಹೇಳಲೊಲ್ಲೆ ಎಂದ. ನಾವು ಬಿಡಲಿಲ್ಲ. ಕೊನೆಗೆ ಫೋನ್ ಚಾಚಿದ. ಮಿಸ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

“ಈ ಪಟ್ಟಿಯನ್ನು ತಯಾರಿಸಿದವರು ಬಹಳ ಬುದ್ಧಿವಂತರು. ಇದನ್ನು ವಾಹನದ ಮೇಲೆ ಕಟ್ಟಿದ ಮೂರ್ಖರು ಯಾರು?”

ಎಲ್ಲರೂ ಗುಡಾರದ ಸೂರು ನೋಡಿದರು. ನಾನು ಎರಡು ಬೆರಳೆತ್ತಿ ನನ್ನ ಎದೆಗೆ ತೋರಿಸಿಕೊಂಡೆ. ಇಬ್ಬರೂ ನಾನೇ.

ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಮಿಸ್ ಮೊದಲು ತುಟಿ ಕಚ್ಚಿಕೊಂಡರು. ಆಮೇಲೆ ತಡೆಯಲಾಗದೆ, ರಜಾಯಿಗಳಿಗೆ ಒರಗಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ವ್ಯಾನ್ ಹತ್ತುವಾಗ ಅವರ ಪಕ್ಕದ ಸೀಟಿನಲ್ಲಿ ಚೀಲ ಕೂತಿತ್ತು. ನಾನು ಹಿಂದಿನ ಸಾಲಿಗೆ ಹೊರಟೆ. ಅವರು ಅಷ್ಟು ದೊಡ್ಡ ಚೀಲವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು, “ಎಲ್ಲಿಗೆ ಹೋಗ್ತೀಯ? ಬಾ, ಇಲ್ಲಿ ಕೂತ್ಕೋ,” ಎಂದರು.